ಕಟ್ಟಿದ ಕಾರೋ, ಕಟ್ಟಿಕೊಳ್ಳುವ ಕಾರೋ?

ಬಹುಪಾಲು ಜನರು ಕಾರನ್ನು ಕೊಳ್ಳುವುದು ಓಡಾಡುವುದಕ್ಕಾಗಿ. ಮಳಿಗೆಯಲ್ಲಿ ನಿಂತ ಗಾಡಿಯ ಬಣ್ಣವನ್ನು ಮೆಚ್ಚಿ, ಬೆಲೆಯನ್ನು ಚೌಕಾಸಿ ಮಾಡಿ, ಬೀಗದಕೈ ಪಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಅದನ್ನು ಮನೆಗೆ ತರುತ್ತಾರೆ. ಅದರ ಒಡಲೊಳಗೆ ಏನೇನಿದೆ ಎಂಬ ಚಿಂತೆ ಅವರಿಗೆ ಹುಟ್ಟುವುದು ಅದು ನಡುದಾರಿಯಲ್ಲಿ ಕೆಟ್ಟು ನಿಂತಾಗ ಮಾತ್ರ. ಆದರೆ ಇಂಗ್ಲೆಂಡಿನಲ್ಲಿ ಬೇರೊಂದು ಬಗೆಯ ಗಿರಾಕಿಗಳೂ ಉಂಟು. ಅವರು ಹಣ ತೆತ್ತು ಮನೆಗೆ ತರಿಸಿಕೊಳ್ಳುವುದು ಕೆಲವು ಪೆಟ್ಟಿಗೆಗಳನ್ನು ಹಾಗೂ ಉಕ್ಕಿನ ಕೊಳವೆಗಳಿಂದ ಬೆಸೆದ ಒಂದು ಚೌಕಟ್ಟನ್ನು. ಪೆಟ್ಟಿಗೆಗಳಲ್ಲಿ ಎಂಜಿನ್ನು, ಗೇರ್ ಬಾಕ್ಸು, ಚಕ್ರ, ದೀಪ, ತಂತಿ, ನೂರಾರು ನಟ್ಟು ಬೋಲ್ಟುಗಳು ಇರುತ್ತವೆ. ಅವನ್ನೆಲ್ಲ ತಮ್ಮ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಹರಡಿಕೊಂಡು, ರಜೆಯ ದಿನಗಳಲ್ಲಿ ತಾವೇ ಒಂದಕ್ಕೊಂದು ಜೋಡಿಸಿ, ಕೆಲವು ತಿಂಗಳ ಬಳಿಕ ಕಾರನ್ನು ಹೊರಕ್ಕೆ ತರುತ್ತಾರೆ.

ಇಂಥ ವಾಹನಕ್ಕೆ ‘ಕಿಟ್ ಕಾರು’ ಎಂದು ಹೆಸರು. ಸಾಮಾನ್ಯವಾಗಿ ಇವು ಎರಡೇ ಆಸನಗಳುಳ್ಳ, ನೆಲಕ್ಕೆ ತೀರ ಹತ್ತಿರವಾದ, ಹಗುರವಾದ ಸ್ಪೋರ್ಟ್ಸ್ ಕಾರುಗಳು. ಸಂಸಾರವಂದಿಗನಿಗೆ ಇವು ಹೇಳಿಸಿದ ಗಾಡಿಗಳಲ್ಲ. ಮಳೆ ಬಂದರೆ ನೆನೆಯಬೇಕು; ಒಂದು ಹಾಸಿಗೆಯ ಸುರುಳಿ ಇಡುವುದಕ್ಕೂ ಸ್ಥಳವಿರದು. ಇವನ್ನು ಮಾರುವ ಸಂಸ್ಥೆಗಳಲ್ಲಿ ಹಲವು ಗಿರಾಕಿಯ ಮುಂದೆ ಎರಡು ದಾರಿಗಳನ್ನು ಇಡುತ್ತವೆ: ಬಿಡಿಭಾಗಗಳನ್ನು ಕೊಂಡೊಯ್ದು ನೀವೇ ಜೋಡಿಸಿಕೊಳ್ಳಬಹುದು, ಅಥವಾ ಇನ್ನಷ್ಟು ಹಣ ಕೊಟ್ಟರೆ ಕಾರ್ಖಾನೆಯಲ್ಲೇ ಜೋಡಿಸಿ ಕೊಡುತ್ತೇವೆ. ಇವೆರಡರ ಜೊತೆಗೆ ಮೂರನೆಯ ದಾರಿಯೊಂದಿದೆ. ಯಾರೋ ಒಬ್ಬ ಹವ್ಯಾಸಿ ಜೋಡಿಸಿ, ಕೆಲಕಾಲ ಓಡಿಸಿ, ಮಾರಾಟಕ್ಕಿಟ್ಟ ಕಾರನ್ನು ಕೊಳ್ಳುವುದು.

ಇವುಗಳಲ್ಲಿ ಯಾವುದು ಮೇಲು? ತಾನೇ ಕಟ್ಟಿಕೊಳ್ಳುವುದು ಮೇಲೆಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಜನರು ಸಾಮಾನ್ಯವಾಗಿ ಕೊಡುವ ಕಾರಣ ಸರಿಯೆಂದು ನನಗೆ ತೋರುವುದಿಲ್ಲ. ‘ಹಣ ಉಳಿಯುತ್ತದೆ’ ಎನ್ನುತ್ತಾರೆ. ಒಂದು ಕಾಲದಲ್ಲಿ ಆ ಮಾತು ನಿಜವಾಗಿತ್ತು. ಹೇಗೆಂಬುದು ಸ್ವಾರಸ್ಯವಾದ ಕಥೆ.

ಕಾಲಿನ್ ಚಾಪ್‌ಮನ್ ಎಂಬ ಆಂಗ್ಲ ತರುಣನು 1948ರಲ್ಲಿ ಹಳೆಯದೊಂದು ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ, ಅದರ ಭಾಗಗಳಿಂದ ತನ್ನ ಮೊದಲ ಕಾರನ್ನು ಕಟ್ಟಿದನು. ಆಗ ಅವನಿಗೆ ಇಪ್ಪತ್ತು ವರ್ಷ. 1952ರಲ್ಲಿ ಲೋಟಸ್ ಎಂಬ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದನು. ಮುಂದೆ ಜಗತ್ತಿನ ಅತಿ ವೇಗದ ಪಂದ್ಯಗಳಲ್ಲಿ ಗೆದ್ದು ಹೆಸರಾದ ಈ ಸಂಸ್ಥೆಯು 1957ರಲ್ಲಿ ‘ಲೋಟಸ್ ಸೆವೆನ್’ ಎಂಬ ಪುಟ್ಟ ಕಾರನ್ನು ಹೊರತಂದಿತು. ಆ ದಿನಗಳಲ್ಲಿ ಬ್ರಿಟನ್ನಿನಲ್ಲಿ ಹೊಸ ಕಾರಿನ ಮೇಲೆ ಭಾರಿ ಖರೀದಿ ತೆರಿಗೆಯಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬಂದ ತೆರಿಗೆ ಅದು. ಪೂರ್ತಿಯಾಗಿ ಜೋಡಿಸಿದ ಲೋಟಸ್ ಸೆವೆನ್‌ಗೆ ತೆರಿಗೆಯೂ ಸೇರಿ ಸಾವಿರ ಪೌಂಡಿಗೂ ಮೀರಿದ ಬೆಲೆ ತಗಲುತ್ತಿತ್ತು. ಅದನ್ನೇ ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಆ ತೆರಿಗೆಯಿಲ್ಲ. ವೆಚ್ಚ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತಿತ್ತು.

ಇದಕ್ಕೊಂದು ಷರತ್ತಿತ್ತು. ಭಾಗಗಳನ್ನು ಜೋಡಿಸುವ ಕ್ರಮವನ್ನು ತಿಳಿಸುವ ಕೈಪಿಡಿಯನ್ನು ಮಾರುವವರು ಜೊತೆಯಲ್ಲಿ ಕೊಡಕೂಡದು. ಆದರೆ ಬಿಚ್ಚುವ ಕ್ರಮದ ಬಗ್ಗೆ ನಿಯಮವು ಏನನ್ನೂ ಹೇಳಿರಲಿಲ್ಲ. ಹಾಗಾಗಿ ಲೋಟಸ್ ಸಂಸ್ಥೆಯು ಕಾರನ್ನು ಬಿಚ್ಚುವುದು ಹೇಗೆಂದು ತಿಳಿಸುವ ಹಾಳೆಗಳನ್ನು ಪೆಟ್ಟಿಗೆಯಲ್ಲಿ ಇಟ್ಟು ಕಳುಹಿಸಿತಂತೆ! ಗಿರಾಕಿಯು ಅದನ್ನು ಕೊನೆಯಿಂದ ಮೊದಲಿಗೆ ಓದುತ್ತ ಹೋದರೆ ಕಾರು ಸಿದ್ಧವಾಗುತ್ತಿತ್ತು. ಈ ಜಾಣ್ಮೆಗೆ ನಗಬೇಕೋ, ಸರಕಾರದ ಬೊಕ್ಕಸಕ್ಕಾಗಿ ಮರುಗಬೇಕೋ ತಿಳಿಯದು. ಕಾಯಿದೆಯ ಅಕ್ಷರಕ್ಕೆ ಮಾತ್ರ ಯಾವ ಭಂಗವೂ ಆಗಲಿಲ್ಲ.

1973ರ ಏಪ್ರಿಲ್ 1ರಂದು ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಹೋಗಿ ಅದರ ಸ್ಥಾನಕ್ಕೆ ಮೌಲ್ಯವರ್ಧಿತ ತೆರಿಗೆ ಬಂದಿತು. ಹೊಸ ತೆರಿಗೆಯು ಬಿಡಿಭಾಗಗಳಿಗೂ ಅನ್ವಯವಾಗುತ್ತಿದ್ದುದರಿಂದ ಮನೆಯಲ್ಲಿ ಕಟ್ಟುವವರಿಗಿದ್ದ ದೊಡ್ಡ ಲಾಭ ಒಂದೇ ದಿನದಲ್ಲಿ ಮಾಯವಾಯಿತು. ಅದೇ ವರ್ಷ ಲೋಟಸ್ ಸಂಸ್ಥೆಯು ಸೆವೆನ್ ಕಾರನ್ನು ತಯಾರಿಸುವ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಊರಿನ ವ್ಯಾಪಾರ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟಿತು. ಜನರು ಕಾರು ಕಟ್ಟುತ್ತಿದ್ದುದು ಹಣದ ಉಳಿತಾಯಕ್ಕಾಗಿಯೇ ಆಗಿದ್ದರೆ ಈ ಹವ್ಯಾಸ ಅಂದೇ ಮುಗಿಯಬೇಕಿತ್ತು. ಆದರೆ ಐವತ್ತು ವರ್ಷಗಳು ಉರುಳಿದರೂ ಕೇಟರ್‌ಹ್ಯಾಮ್ ಸಂಸ್ಥೆಯು ಸೆವೆನ್ ಕಾರನ್ನು ಪೆಟ್ಟಿಗೆಗಳಲ್ಲಿ ಮಾರುತ್ತಲೇ ಇದೆ. ಕೊಳ್ಳುವವರು ಕೊಳ್ಳುತ್ತಲೇ ಇದ್ದಾರೆ. ಕಾರ್ಖಾನೆಯಲ್ಲಿ ಜೋಡಿಸಿದ ಕಾರಿಗೂ ಬಿಡಿಭಾಗಗಳಿಗೂ ಇರುವ ಬೆಲೆಯ ಅಂತರ ಈಗ ಮುಖ್ಯವಾಗಿ ಕೂಲಿಯದು. ಉಪಕರಣಗಳ ವೆಚ್ಚ, ತಪ್ಪಿ ಮುರಿದ ಭಾಗಗಳ ವೆಚ್ಚ, ತನ್ನ ದುಡಿಮೆಯ ಬೆಲೆ ಇವನ್ನೆಲ್ಲ ಕೂಡಿಸಿದರೆ ಕಟ್ಟುವವನಿಗೆ ಉಳಿಯುವುದು ಅತ್ಯಲ್ಪ. ಲಾಭದ ಆಸೆಯಿಂದ ಈ ಕೆಲಸಕ್ಕೆ ಕೈಹಾಕುವವನು ನಿರಾಶನಾಗುವುದು ಬಹುಮಟ್ಟಿಗೆ ನಿಶ್ಚಿತ.

ಹಾಗಾದರೆ ಕಟ್ಟುವವನಿಗೆ ದೊರೆಯುವುದೇನು? ಅವನು ತನ್ನ ಜೀವವನ್ನು ಒಪ್ಪಿಸಲಿರುವ ಯಂತ್ರದ ಪರಿಚಯ ದೊರೆಯುತ್ತದೆ. ಬ್ರೇಕಿನ ವಿಷಯವನ್ನೇ ತೆಗೆದುಕೊಳ್ಳೋಣ. ಕಾರಿನಲ್ಲಿ ಕುಳಿತವನು ಪೆಡಲನ್ನು ತುಳಿದೊಡನೆ ನಾಲ್ಕು ಚಕ್ರಗಳಿಗೂ ತಡೆ ಬೀಳುತ್ತದೆ. ಕಾಲಿಗೂ ಚಕ್ರಗಳಿಗೂ ನಡುವೆ ಇರುವುದು ಸಣ್ಣ ಕೊಳವೆಗಳಲ್ಲಿ ತುಂಬಿದ ಒಂದು ದ್ರವ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ವಿಜ್ಞಾನದ ಪಾಠದಲ್ಲಿ ನೀವು ಓದಿರಬಹುದು, ಇಲ್ಲವೆ ಮುಂದೆ ಓದುವಿರಿ. ಈ ಕೊಳವೆಯೊಳಗೆ ಒಂದು ಗಾಳಿಯ ಗುಳ್ಳೆ ಸೇರಿಕೊಂಡಿತೆನ್ನಿ. ದ್ರವವು ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ತುಳಿತದ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ವ್ಯಯವಾಗಿ, ಪೆಡಲು ಹತ್ತಿಯ ದಿಂಬಿನಂತೆ ಮೆತ್ತಗೆ ಒಳಕ್ಕೆ ಹೋಗುತ್ತದೆ, ಚಕ್ರ ನಿಲ್ಲುವುದಿಲ್ಲ.

ಆದ್ದರಿಂದ ಕಾರು ಕಟ್ಟುವವನು ಈ ಗಾಳಿಯನ್ನು ಪೂರ್ತಿಯಾಗಿ ಹೊರದೂಡಬೇಕು. ಒಬ್ಬರು ಒಳಗೆ ಕುಳಿತು ಪೆಡಲನ್ನು ತುಳಿದು ಹಿಡಿಯುತ್ತಾರೆ. ಇನ್ನೊಬ್ಬರು ಚಕ್ರದ ಬಳಿ ಕುಳಿತು ಸಣ್ಣದೊಂದು ತಿರುಪನ್ನು ಸಡಿಲಿಸುತ್ತಾರೆ. ದ್ರವದೊಡನೆ ಗುಳ್ಳೆಗಳು ಹೊರಬೀಳುತ್ತವೆ. ತುಳಿದ ಕಾಲನ್ನು ಎತ್ತುವ ಮೊದಲೇ ತಿರುಪನ್ನು ಮುಚ್ಚಬೇಕು. ತಡವಾದರೆ ಹೋದ ಗಾಳಿ ಮತ್ತೆ ಒಳನುಗ್ಗುತ್ತದೆ. ಹೀಗೆ ಒಂದೊಂದು ಚಕ್ರಕ್ಕೂ ಹತ್ತಾರು ಸಲ. ಅಪ್ಪ ಮಗಳು, ಅಣ್ಣ ತಮ್ಮ, ನೆರೆಯವರು ಯಾರಾದರೂ ಸರಿ, ಈ ಕೆಲಸಕ್ಕೆ ಇಬ್ಬರಿದ್ದರೆ ಲೇಸು. ಇದನ್ನು ಒಮ್ಮೆ ಮಾಡಿದವನ ಕಾಲು ಪೆಡಲಿನ ಮೆತ್ತಗಿನ ಗುಣವನ್ನು ತಟ್ಟನೆ ಗುರುತಿಸುತ್ತದೆ. ಸಿದ್ಧವಾದ ಕಾರನ್ನು ಕೊಂಡವನ ಕಾಲಿಗೂ ಅದೇ ಮೆತ್ತಗಿನ ಅನುಭವ ಆಗುತ್ತದೆ. ಆದರೆ ಅದು ಅಪಾಯದ ಸೂಚನೆಯೆಂದು ಅವನಿಗೆ ಹೊಳೆಯುವ ಸಂಭವ ಕಡಿಮೆ.

ನಟ್ಟು ಬೋಲ್ಟುಗಳಲ್ಲೂ ಇಂಥದೇ ಸೂಕ್ಷ್ಮವಿದೆ. ಕೈಲಾದಷ್ಟು ಬಿಗಿದರೆ ಭದ್ರವಾಗುತ್ತದೆಂದು ನಾವು ಭಾವಿಸುತ್ತೇವೆ. ಅತಿಯಾಗಿ ಬಿಗಿದರೆ ಬೋಲ್ಟು ಒಳಗೇ ಎಳೆದು ಸೊರಗುತ್ತದೆ. ಸಾಲದಷ್ಟು ಬಿಗಿದರೆ ಗಾಡಿಯ ನಡುಕಕ್ಕೆ ಸಡಿಲವಾಗುತ್ತದೆ. ಬಿಗಿಯನ್ನು ಅಳೆದು ತೋರಿಸುವ ಒಂದು ಬಗೆಯ ಸ್ಪ್ಯಾನರು ಇದೆ. ಯಾವ ಬೋಲ್ಟಿಗೆ ಎಷ್ಟು ಬಲವೆಂದು ನೋಡಿ ಅಷ್ಟೇ ಹಾಕಬೇಕು.

ಸೆವೆನ್ ಕಾರಿನ ಚೌಕಟ್ಟು ಇನ್ನೊಂದು ಪಾಠ. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಗುಂಡುಸೂಜಿಯಿಂದ ಚುಚ್ಚಿ ಚೌಕ ಮಾಡಿ, ಒಂದು ಮೂಲೆಯನ್ನು ಬೆರಳಿನಿಂದ ತಳ್ಳಿ ನೋಡಿರಿ, ಚೌಕ ವಾಲಿಬಿಡುತ್ತದೆ. ಐದನೆಯ ಕಡ್ಡಿಯನ್ನು ಕರ್ಣವಾಗಿ ಇಟ್ಟು ಎರಡು ತ್ರಿಭುಜ ಮಾಡಿದರೆ ಅದು ಅಲುಗುವುದಿಲ್ಲ. ತೆಳುವಾದ ಕೊಳವೆಗಳನ್ನು ಹೀಗೆ ತ್ರಿಭುಜಗಳಾಗಿ ಬೆಸೆದು ಚೌಕಟ್ಟು ರಚಿಸಿದ್ದರಿಂದಲೇ ಆ ಕಾರು ಸುಮಾರು 500 ಕಿಲೋಗ್ರಾಂ ತೂಕದಲ್ಲಿ ನಿಂತಿತು. ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಿದ ಚಿಕ್ಕ ಮಾರುತಿ 800 ಕಾರು ಕೂಡ ಅದಕ್ಕಿಂತ ಭಾರವಾದುದು. ಹೊರಗಿನ ತಗಡನ್ನು ಮಾತ್ರ ನೋಡುವವನಿಗೆ ಈ ರೇಖಾಗಣಿತ ಕಾಣುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪಗಳೂ ಇವೆ. ಅನ್ಯರು ತಯಾರಿಸಿದ ಭಾಗಗಳನ್ನು ಒಂದುಗೂಡಿಸುವುದರಲ್ಲಿ ಏನು ಹೆಚ್ಚುಗಾರಿಕೆ, ಅದನ್ನು ‘ಕಟ್ಟುವುದು’ ಎಂದು ಕರೆಯಬಹುದೆ ಎಂದು ಕೆಲವರು ಕೇಳುತ್ತಾರೆ. ಜೋಡಣೆಗೂ ತಯಾರಿಕೆಗೂ ಇರುವ ಅಂತರವನ್ನು ನಮ್ಮ ದೇಶವೇ ಒಮ್ಮೆ ಗಂಭೀರವಾಗಿ ಆಲೋಚಿಸಬೇಕಾಯಿತು. 1928ರಿಂದ ಮುಂಬಯಿಯಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಹೊರದೇಶದಿಂದ ಬಂದ ಬಿಡಿಭಾಗಗಳನ್ನು ಜೋಡಿಸಿ ಕಾರುಗಳನ್ನು ಮಾರುತ್ತಿತ್ತು. ಸ್ವಾತಂತ್ರ್ಯಾನಂತರ 1953ರಲ್ಲಿ ಸುಂಕ ಆಯೋಗದ ಸಲಹೆಯಂತೆ, ಇಲ್ಲಿಯೇ ಭಾಗಗಳನ್ನು ತಯಾರಿಸುವ ಯೋಜನೆಯುಳ್ಳ ಸಂಸ್ಥೆಗಳಿಗೆ ಮಾತ್ರ ಅವಕಾಶವೆಂದು ಸರಕಾರ ನಿರ್ಧರಿಸಿತು. ಜೋಡಣೆಯಷ್ಟನ್ನೇ ಮಾಡುತ್ತಿದ್ದ ವಿದೇಶೀ ಸಂಸ್ಥೆಗಳು ಹಿಂದಿರುಗಿದವು. ಆಕ್ಷೇಪದಲ್ಲಿ ತಿರುಳಿದೆಯೆಂದು ಇದರಿಂದ ಒಪ್ಪಬೇಕಾಗುತ್ತದೆ. ಆದರೆ ಇಲ್ಲಿ ಉಳಿದು ತಯಾರಿಕೆಗೆ ಇಳಿದ ಹಿಂದೂಸ್ಥಾನ್ ಮತ್ತು ಪ್ರೀಮಿಯರ್ ಸಂಸ್ಥೆಗಳೂ ತಮ್ಮ ಕೆಲಸವನ್ನು ಜೋಡಣೆಯಿಂದಲೇ ಆರಂಭಿಸಿದ್ದವು ಎಂಬುದನ್ನು ಮರೆಯಬಾರದು.

ಜೋಡಣೆಯಿಂದ ತೃಪ್ತರಾಗದವರಿಗೆ ಇನ್ನೂ ಕಠಿಣವಾದ ದಾರಿಯಿದೆ. ಇಂಗ್ಲೆಂಡಿನ ಔಂಡಲ್ ಎಂಬಲ್ಲಿನ ಶಾಲೆಯೊಂದರಲ್ಲಿ ರಾನ್ ಚಾಂಪಿಯನ್ ಎಂಬ ಉಪಾಧ್ಯಾಯರಿದ್ದರು. ಶಾಲೆಯ ಕಾರ್ಯಶಾಲೆಯಲ್ಲಿ ವಿದ್ಯಾರ್ಥಿಗಳ ಕೈಯಿಂದ ಕಾರು ಕಟ್ಟಿಸುತ್ತಿದ್ದ ಅವರು, ಕೇವಲ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರನ್ನು ಕಟ್ಟುವ ವಿಧಾನವನ್ನು ವಿವರಿಸುವ ಪುಸ್ತಕವೊಂದನ್ನು 1996ರಲ್ಲಿ ಪ್ರಕಟಿಸಿದರು. ಇಲ್ಲಿ ಚೌಕಟ್ಟು ಪೆಟ್ಟಿಗೆಯಲ್ಲಿ ಬರುವುದಿಲ್ಲ. ಒಂದು ಅಂಗುಲದ ಚೌಕಾಕಾರದ ಉಕ್ಕಿನ ಕೊಳವೆಗಳನ್ನು ತಂದು, ಅಳೆದು, ಕೊಯ್ದು, ತಾನೇ ಬೆಸೆಯಬೇಕು. ಎಂಜಿನ್ನು, ಗೇರ್ ಬಾಕ್ಸು, ಹಿಂದಿನ ಅಚ್ಚು ಇವನ್ನು ಗುಜರಿಗೆ ಹೊರಟ ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನಿಂದ ತೆಗೆದುಕೊಳ್ಳಬೇಕು. ಅಂಥ ಹಳೆಯ ಗಾಡಿಗೆ ಅಲ್ಲಿಯವರು ‘ದಾನಿ’ ಎನ್ನುತ್ತಾರೆ, ಹೆಸರು ಒಪ್ಪುವಂತಿದೆ. 250 ಪೌಂಡಿನ ಲೆಕ್ಕ ಎಲ್ಲರಿಗೂ ಕೂಡಿಬರುವಂಥದೆಂದು ನಾನು ನಂಬಲಾರೆ. ಆದರೂ ಈ ಬಗೆಯ ಕಾರುಗಳನ್ನು ಅನೇಕ ದೇಶಗಳ ಹವ್ಯಾಸಿಗಳು ಕಟ್ಟಿ ಓಡಿಸಿದ್ದಾರೆ.

ಎರಡನೆಯ ಆಕ್ಷೇಪ ಇನ್ನೂ ವಾಸ್ತವವಾದುದು. ಉತ್ಸಾಹದಿಂದ ಪೆಟ್ಟಿಗೆ ತರಿಸಿಕೊಂಡವರಲ್ಲಿ ಎಲ್ಲರೂ ಕೆಲಸ ಮುಗಿಸುವುದಿಲ್ಲ. ಉಪಕರಣ ಹಿಡಿದು ಅಭ್ಯಾಸವುಳ್ಳವನಿಗೆ ಸೆವೆನ್ ಕಾರಿನ ಜೋಡಣೆ ನೂರು ಗಂಟೆಗಳ ಆಸುಪಾಸಿನ ಕೆಲಸ. ಅದು ಹೆಚ್ಚಲ್ಲ. ಆದರೆ ದಿನದ ದುಡಿಮೆ, ಮಕ್ಕಳ ಓದು, ಮನೆಯವರ ಕಾಯಿಲೆ ಕಸಾಲೆ ಇವುಗಳ ನಡುವೆ ಆ ನೂರು ಗಂಟೆಗಳನ್ನು ಹೊಂದಿಸುವುದೇ ಕಷ್ಟ. ಅರ್ಧಕ್ಕೆ ನಿಂತ ಕಾರುಗಳು ಮೂಲೆಯಲ್ಲಿ ಧೂಳು ತಿನ್ನುತ್ತ, ಕೊನೆಗೆ ಕೊಂಡ ಬೆಲೆಗಿಂತ ಕಡಿಮೆಗೆ ಕೈಬದಲಾಗುವುದುಂಟು. ಬಿಡುವಿಲ್ಲದವನು, ಸ್ಥಳವಿಲ್ಲದವನು, ಒಂದು ತಿರುಪು ಕೈಜಾರಿ ಬಿದ್ದರೆ ಸಿಟ್ಟಿಗೇಳುವವನು ಕಾರ್ಖಾನೆಯಲ್ಲಿ ಜೋಡಿಸಿದ ಕಾರನ್ನೇ ಕೊಳ್ಳಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಅದೇ ಕೆಲಸವನ್ನು ನೂರಾರು ಸಲ ಮಾಡಿದ ಕೆಲಸಗಾರನ ಕೈ, ಮೊದಲ ಸಲ ಮಾಡುವ ಗಿರಾಕಿಯ ಕೈಗಿಂತ ಪಳಗಿರುತ್ತದೆ. ಅವನು ಜೋಡಿಸಿದ ಕಾರು ಬಹುಶಃ ಹೆಚ್ಚು ಅಚ್ಚುಕಟ್ಟಾಗಿಯೇ ಇರುತ್ತದೆ. ಯಂತ್ರವನ್ನು ಬಲ್ಲ ಒಡೆಯನು ಮಾತ್ರ ಅದರ ಜೊತೆಗೆ ಬರುವುದಿಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಮಿಗಿಲಾದುದು. ಮನೆಯಲ್ಲಿ ಮಾಡಿದ ಕುರ್ಚಿ ಮುರಿದರೆ ಕುಳಿತವನು ಬೀಳುತ್ತಾನೆ. ಮನೆಯಲ್ಲಿ ಕಟ್ಟಿದ ಕಾರಿನ ಬ್ರೇಕು ಕೈಕೊಟ್ಟರೆ ಬೀಳುವವರು ಬೇರೆಯವರು. ಶಾಲೆ ಬಿಟ್ಟು ರಸ್ತೆ ದಾಟುತ್ತಿರುವ ಹುಡುಗಿಯೊಬ್ಬಳಿರಬಹುದು. ರಸ್ತೆ ಎಲ್ಲರದು. ಆದ್ದರಿಂದ ಕಟ್ಟುವವನ ಸ್ವಾತಂತ್ರ್ಯಕ್ಕೆ ಕಟ್ಟುಪಾಡು ಇರಲೇಬೇಕೆಂದು ನಾನೂ ಹೇಳುತ್ತೇನೆ. ಬ್ರಿಟನ್ನಿನಲ್ಲಿ 1998ರಿಂದ ಇಂಥ ಒಂಟಿ ವಾಹನಗಳಿಗೆ ಪರೀಕ್ಷೆಯೊಂದು ಜಾರಿಗೆ ಬಂದಿತು. 2009ರಲ್ಲಿ ಅದರ ಸ್ಥಾನಕ್ಕೆ ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ಬಂದಿತು. ಪರೀಕ್ಷಕನು ಬ್ರೇಕು, ಸ್ಟಿಯರಿಂಗು, ದೀಪ, ಹೊಗೆ, ಶಬ್ದ, ಸೀಟುಪಟ್ಟಿಯ ಹಿಡಿತ ಎಲ್ಲವನ್ನೂ ನೋಡುತ್ತಾನೆ. ಕಾರಿನ ಹೊರಮೈಯಲ್ಲಿ ದಾರಿಹೋಕನಿಗೆ ತಗುಲಬಹುದಾದ ಚೂಪಾದ ಅಂಚುಗಳಿದ್ದರೂ ಒಪ್ಪುವುದಿಲ್ಲ. ತೇರ್ಗಡೆಯಾಗದ ಕಾರಿಗೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ರಸ್ತೆಯಿಲ್ಲ. ಕೆಲವು ಹವ್ಯಾಸಿಗಳು ಈ ಪರೀಕ್ಷೆಯನ್ನು ಬೈಯುವುದುಂಟು. ತನ್ನ ಕೆಲಸದಲ್ಲಿ ನಂಬಿಕೆಯುಳ್ಳವನು ಅದನ್ನು ಇನ್ನೊಬ್ಬರ ಕಣ್ಣಿಗೆ ಒಡ್ಡಲು ಏಕೆ ಹಿಂಜರಿಯಬೇಕೆಂಬುದು ನನಗೆ ಅರ್ಥವಾಗದು.

ಅಮೆರಿಕದಲ್ಲಿ ಬಹುಕಾಲ ಇದಕ್ಕೆ ವಿಲೋಮವಾದ ತೊಡಕಿತ್ತು. ಹಳೆಯ ಪ್ರಸಿದ್ಧ ಕಾರುಗಳ ಪ್ರತಿಕೃತಿಗಳನ್ನು ತಯಾರಿಸುವ ಚಿಕ್ಕ ಸಂಸ್ಥೆಗಳು ಪೂರ್ತಿ ಸಿದ್ಧವಾದ ಕಾರನ್ನು ಮಾರಹೊರಟರೆ, ಲಕ್ಷಾಂತರ ಕಾರು ತಯಾರಿಸುವ ಬೃಹತ್ ಕಾರ್ಖಾನೆಗೆ ಅನ್ವಯಿಸುವ ನಿಯಮಗಳನ್ನೆಲ್ಲ ಪಾಲಿಸಬೇಕಾಗಿತ್ತು. ಆದ್ದರಿಂದ ಅವು ಬಿಡಿಭಾಗಗಳನ್ನೇ ಮಾರುತ್ತಿದ್ದವು. ವರ್ಷಕ್ಕೆ 325 ಪ್ರತಿಕೃತಿ ಕಾರುಗಳವರೆಗೆ ಸಿದ್ಧರೂಪದಲ್ಲಿ ಮಾರಲು ಅವಕಾಶ ಕೊಡುವ ಕಾಯಿದೆ 2015ರಲ್ಲಿ ಬಂದಿತು. ಕೊಳ್ಳುವವನಿಗೆ ಎರಡೂ ದಾರಿ ತೆರೆದಿರುವುದು ಒಳ್ಳೆಯದೇ.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಇರುವ ಎಡೆ ಕಿರಿದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಪ್ರತಿಯೊಂದು ಮಾದರಿಯ ವಾಹನವೂ ಮೊದಲು ಗೊತ್ತಾದ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಳಗಾಗಬೇಕು. ಸಾವಿರಾರು ಕಾರು ಮಾರುವ ಸಂಸ್ಥೆಗೆ ಆ ವೆಚ್ಚ ಭಾರವಲ್ಲ. ಒಂದೇ ಕಾರು ಕಟ್ಟುವವನಿಗೆ ಹೊರಲಾರದ ಹೊರೆ. ರಸ್ತೆಯ ಹೊರಗಾದರೋ ನಮ್ಮ ತರುಣರು ಸುಮ್ಮನೆ ಕುಳಿತಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಒಂಟಿ ಆಸನದ ಗಾಡಿಗಳನ್ನು ಮಣ್ಣಿನ ಹಾದಿಯಲ್ಲಿ ಓಡಿಸುವ ‘ಬಾಹಾ’ ಎಂಬ ಸ್ಪರ್ಧೆ 2007ರಲ್ಲಿ ಇಂದೋರಿನ ಬಳಿಯ ಪೀತಂಪುರದಲ್ಲಿ ಆರಂಭವಾಯಿತು. ಕರ್ನಾಟಕದ ಕಾಲೇಜುಗಳ ತಂಡಗಳೂ ಅದರಲ್ಲಿ ಭಾಗವಹಿಸಿವೆ. ಸ್ಪರ್ಧೆಗೆ ಇಳಿಯುವ ಮೊದಲು ಗಾಡಿಯನ್ನು ಓಡಿಸಿ ಬ್ರೇಕು ಹಾಕಿ ತೋರಿಸಬೇಕು. ನಾಲ್ಕು ಚಕ್ರಗಳೂ ಒಟ್ಟಿಗೆ ತಡೆಹಿಡಿದು ನಿಲ್ಲದಿದ್ದರೆ ಪ್ರವೇಶವಿಲ್ಲ. ಗುಳ್ಳೆಯ ವಿಷಯವನ್ನು ಆ ವಿದ್ಯಾರ್ಥಿಗಳಿಗೆ ಯಾರೂ ಎರಡನೆಯ ಸಲ ಹೇಳಬೇಕಾಗಿಲ್ಲ.

ಇನ್ನು ಉಳಿದದ್ದು ಮೂರನೆಯ ದಾರಿ, ಅಪರಿಚಿತನಾದ ಹವ್ಯಾಸಿ ಕಟ್ಟಿದ ಕಾರನ್ನು ಕೊಳ್ಳುವುದು. ಇದು ಎರಡು ದಾರಿಗಳ ಅನನುಕೂಲಗಳನ್ನೂ ಒಟ್ಟಿಗೆ ತರಬಲ್ಲದು. ಕಟ್ಟಿದವನ ಅನುಭವ ಅವನಲ್ಲೇ ಉಳಿಯುತ್ತದೆ. ಕಾರ್ಖಾನೆಯ ಹೊಣೆಗಾರಿಕೆಯೂ ಇರುವುದಿಲ್ಲ. ಆದರೂ ಇಂಥ ಕಾರುಗಳಲ್ಲಿ ಅತ್ಯುತ್ತಮವಾದವು ಇಲ್ಲದಿಲ್ಲ. ಶ್ರದ್ಧೆಯಿಂದ ಕಟ್ಟಿದವರು ಸಾಮಾನ್ಯವಾಗಿ ಪ್ರತಿಯೊಂದು ಹಂತದ ಛಾಯಾಚಿತ್ರಗಳನ್ನೂ ಭಾಗಗಳ ರಸೀದಿಗಳನ್ನೂ ಒಂದು ಕಡತದಲ್ಲಿ ಕೂಡಿಡುತ್ತಾರೆ. ಕೊಳ್ಳಹೋದವನು ಮೊದಲು ಕೇಳಬೇಕಾದದ್ದು ಆ ಕಡತವನ್ನು. ಬಳಿಕ ಕಾರಿನ ಕೆಳಗೆ ಬಗ್ಗಿ, ಬ್ರೇಕಿನ ಕೊಳವೆಗಳನ್ನು ಚೌಕಟ್ಟಿಗೆ ಕ್ರಮವಾಗಿ ಬಂಧಿಸಿದ್ದಾರೋ, ಅಲ್ಲಲ್ಲಿ ಜೋತುಬಿಟ್ಟಿದ್ದಾರೋ ನೋಡಬೇಕು. ಕೊನೆಗೆ ಆಸನದಲ್ಲಿ ಕುಳಿತು ಪೆಡಲನ್ನು ಬಲವಾಗಿ ತುಳಿದು ಅರ್ಧ ನಿಮಿಷ ಹಾಗೆಯೇ ಹಿಡಿದಿರಬೇಕು. ಅದು ಮೆಲ್ಲಮೆಲ್ಲನೆ ಕೆಳಗಿಳಿಯತೊಡಗಿದರೆ, ಹೊರಗಿನ ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಕಾರನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.